ಬ್ಯೂಮಾಂಟಿನ ಶಾಲೆಯಲ್ಲಿ ಭಾಷೆ ಮತ್ತು ಗಣಿತ: ಒಂದು ಹಿನ್ನೋಟ

ಡಬ್ಲಿನ್ ನಗರದ ಉತ್ತರ ಭಾಗದಲ್ಲಿರುವ ಬ್ಯೂಮಾಂಟ್ ಬಡಾವಣೆಯ ಹೆಸರನ್ನು ಈ ಸಮ್ಮೇಳನಕ್ಕೆ ಬಂದಿರುವ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಕೇಳಿರಲಾರರು. ಕೇಳಿದ್ದರೆ ಅಲ್ಲಿನ ಆಸ್ಪತ್ರೆಯ ದೆಸೆಯಿಂದ ಕೇಳಿರಬಹುದು. ಹೆಸರು ಫ್ರೆಂಚ್ ಮೂಲದ್ದು. ಅದರ ಅರ್ಥ ‘ಚೆಲುವಾದ ಬೆಟ್ಟ’. ಮಲೆನಾಡಿನಿಂದ ಹೋದ ನನ್ನ ಕಣ್ಣಿಗಂತೂ ಅಲ್ಲಿ ಬೆಟ್ಟವೆಂಬುದು ಕಾಣಲಿಲ್ಲ. 18ನೆಯ ಶತಮಾನದಲ್ಲಿ ಮದ್ಯ ತಯಾರಿಕೆಯಿಂದ ಹೆಸರಾದ ಆರ್ಥರ್ ಗಿನ್ನೆಸ್ ವಾಸವಾಗಿದ್ದ ಬ್ಯೂಮಾಂಟ್ ಹೌಸ್ ಇದ್ದುದು ಇಲ್ಲಿಯೇ. ನಗರದೊಳಗಿನ ಜರ್ವಿಸ್ ಸ್ಟ್ರೀಟ್ ಮತ್ತು ರಿಚ್ಮಂಡ್ ಎಂಬ ಎರಡು ಹಳೆಯ ಆಸ್ಪತ್ರೆಗಳ ಬದಲಿಗೆ 1987ರ ನವೆಂಬರಿನಲ್ಲಿ ಬ್ಯೂಮಾಂಟ್ ಆಸ್ಪತ್ರೆ ಇಲ್ಲಿ ಬಾಗಿಲು ತೆರೆಯಿತು. 2000ದ ಆಚೀಚೆಯಲ್ಲಿ ಐರ್ಲೆಂಡ್ ಭಾರತದಿಂದ ದಾದಿಯರನ್ನು ಬರಮಾಡಿಕೊಳ್ಳತೊಡಗಿದಾಗ ಬಂದ ಅನೇಕ ಮಲಯಾಳಿ ಕುಟುಂಬಗಳ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಮನೆಯೂ ನೆಲೆಗೊಂಡಿತು. 2006ರ ಬೇಸಿಗೆಯಲ್ಲಿ ನಮ್ಮದೂ ಅವುಗಳಲ್ಲಿ ಒಂದಾಯಿತು. ನನ್ನ ಹೆಂಡತಿಗೆ ಆಸ್ಪತ್ರೆಯ ಕೆಲಸ. ಶಿವಮೊಗ್ಗದ ಕಡೆಯ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷ ಗಣಿತ ಹೇಳಿದ್ದ ನನಗೆ ಮೊದಲ ಕೆಲವು ವರ್ಷ ಅಡುಗೆಮನೆಯ ಕೆಲಸ, ಜೊತೆಗೆ ಇಬ್ಬರು ಮಕ್ಕಳ ಪಾಠದ ಉಸ್ತುವಾರಿ. ಈ ಲೇಖನ ಹುಟ್ಟಿದ್ದು ಆ ಉಸ್ತುವಾರಿಯಿಂದ.

ಮಗಳಿಗೆ ಆಗ ಹನ್ನೆರಡು ವರ್ಷ. ಆರನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಐರ್ಲೆಂಡಿನಲ್ಲಿ ಹೈಸ್ಕೂಲುಗಳನ್ನು ಬಹುಮಟ್ಟಿಗೆ ‘ಕಾಲೇಜು’ ಎಂದೇ ಕರೆಯುತ್ತಾರೆ. ಮಗಳು ಕಾಲೇಜು ಸೇರಿದಳೆಂದು ಊರಿಗೆ ಬರೆದಾಗ ನನ್ನ ತಾಯಿ ಗಾಬರಿಗೊಂಡು, ಇಷ್ಟು ಬೇಗ ಮದುವೆಗೆ ಬಂದಳೇ ಎಂದು ವಿಚಾರಿಸಿದ್ದುಂಟು. ಪ್ರವೇಶದ ಅರ್ಜಿಯಲ್ಲಿ ಮಗುವಿಗೆ ಬರುವ ಭಾಷೆಗಳು ಯಾವುವು ಎಂಬ ಕಲಮಿತ್ತು. ಕನ್ನಡ, ಇಂಗ್ಲಿಷ್, ಹಿಂದಿ ಎಂದು ತುಂಬಿದೆ. ಮೇಜಿನ ಆಚೆಗಿದ್ದ ಹೆಂಗಸು ಬಹಳ ಸೌಜನ್ಯದಿಂದಲೇ, ಮೊದಲನೆಯದೂ ಕೊನೆಯದೂ ತಮ್ಮ ಪಟ್ಟಿಯಲ್ಲಿ ಇಲ್ಲವೆಂದು ಹೇಳಿ, ಇಂಗ್ಲಿಷನ್ನು ಮಾತ್ರ ಎತ್ತಿ ಬರೆದುಕೊಂಡರು. ಬಳಿಕ ಇನ್ನೊಂದು ಕಾಗದ ಬಂತು. ಮಗಳು ಹನ್ನೊಂದು ವರ್ಷ ದಾಟಿದ ಮೇಲೆ ಈ ದೇಶಕ್ಕೆ ಬಂದವಳಾದುದರಿಂದ ಆಗಿನ ನಿಯಮದಂತೆ ಅವಳು ಐರಿಷ್ ಭಾಷೆ ಕಲಿಯಬೇಕಾಗಿಲ್ಲ. (2019ರಲ್ಲಿ ಈ ವಯಸ್ಸನ್ನು ಹನ್ನೆರಡಕ್ಕೆ ಏರಿಸಿದರು.) ಹೀಗೆ ಒಂದೇ ಬೆಳಗಿನಲ್ಲಿ ಅವಳ ಮನೆಮಾತು ಲೆಕ್ಕಕ್ಕೆ ಬಾರದೆ ಹೋಯಿತು, ಆ ದೇಶದ ಮಾತಿನಿಂದಲೂ ವಿನಾಯಿತಿ ದೊರೆಯಿತು. ಅವಳ ಪಾಲಿಗೆ ಉಳಿದದ್ದು ವಿದೇಶೀ ಭಾಷೆಯೆಂಬ ಹೆಸರಿನ ಫ್ರೆಂಚ್, ಮತ್ತು ಗಣಿತ.

ಒಂದು ಭಾಷೆಗೆ ಶಾಲೆಯಲ್ಲಿ ಎಷ್ಟು ಅಂಕ ಎಂಬುದು ಐರ್ಲೆಂಡಿನಲ್ಲಿ ನಿನ್ನೆ ಮೊನ್ನೆಯ ಪ್ರಶ್ನೆಯಲ್ಲ. 1831ರಲ್ಲಿ ಬ್ರಿಟಿಷ್ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠ ನಡೆದದ್ದು ಇಂಗ್ಲಿಷಿನಲ್ಲಿ; ಹಲವು ಪ್ರದೇಶಗಳಲ್ಲಿ ಮಕ್ಕಳ ಮನೆಮಾತು ಮಾತ್ರ ಐರಿಷ್. ಆ ಶತಮಾನದಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲನ್ನು ಕಟ್ಟುವ ಪದ್ಧತಿ ಅನೇಕ ಕಡೆ ಇತ್ತೆಂಬುದನ್ನು ಅಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ‘ಬಾಟಾ ಸ್ಕೋರ್’ ಎಂದು ಅದರ ಹೆಸರು. ಲೆಕ್ಕದ ಕೋಲು ಎಂದು ಅರ್ಥ. ಮಗು ಐರಿಷ್ ಮಾತಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಗೀರು. ಕೊನೆಯಲ್ಲಿ ಗೀರುಗಳನ್ನು ಎಣಿಸಿ ಅಷ್ಟು ಏಟು. ತಂದೆತಾಯಿಗಳೇ ಮನೆಯಲ್ಲಿ ಗೀರು ಹಾಕಿ ಕಳುಹಿಸುತ್ತಿದ್ದರೆಂಬುದನ್ನು ಓದಿದಾಗ ನನಗೆ ನಮ್ಮ ಕಾನ್ವೆಂಟ್ ಶಾಲೆಗಳಲ್ಲಿ ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ಹಾಕುತ್ತಿದ್ದುದೂ, ಆ ದಂಡವನ್ನು ತಂದೆಯಂದಿರು ನಗುನಗುತ್ತ ತೆರುತ್ತಿದ್ದುದೂ ನೆನಪಿಗೆ ಬಂತು.

1878ರಲ್ಲಿ ಐರ್ಲೆಂಡಿನ ಪ್ರೌಢಶಿಕ್ಷಣಕ್ಕಾಗಿ ಒಂದು ಕಾಯಿದೆ ಬಂದು, ದೇಶಾದ್ಯಂತ ಸಾರ್ವಜನಿಕ ಪರೀಕ್ಷೆ ಏರ್ಪಟ್ಟಿತು. ವಿದ್ಯಾರ್ಥಿಗಳು ಗಳಿಸಿದ ಫಲಿತಾಂಶವನ್ನು ನೋಡಿ ಶಾಲೆಗೆ ಹಣ ಸಿಗುತ್ತಿದ್ದ ಕಾರಣ, ಯಾವ ವಿಷಯಕ್ಕೆ ಎಷ್ಟು ಅಂಕ ಎಂಬುದೇ ಯಾವ ವಿಷಯವನ್ನು ಪಾಠ ಮಾಡಬೇಕೆಂಬುದನ್ನೂ ನಿರ್ಣಯಿಸಿತು. ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಮತ್ತು ಗಣಿತ ಮೇಲಿನ ಸಾಲಿನಲ್ಲಿ ಕುಳಿತವು. ಆ ನೆಲದ ಭಾಷೆ ‘ಕೆಲ್ಟಿಕ್’ ಎಂಬ ಹೆಸರಿನಲ್ಲಿ ಪಟ್ಟಿಯನ್ನು ಸೇರಿತೇನೋ ನಿಜ. ಆದರೆ ಅದಕ್ಕಿಟ್ಟ ಅಂಕ ಗ್ರೀಕ್, ಲ್ಯಾಟಿನ್‌ಗಳಿಗಿಂತ ಬಹಳ ಕಡಿಮೆ. 1899ರಲ್ಲಿ ಈ ವ್ಯವಸ್ಥೆಯ ವಿಚಾರಣೆಗೆ ಆಯೋಗವೊಂದು ಕುಳಿತಾಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿದ್ವಾಂಸ ಮಹಾಫಿ, ಐರಿಷ್ ಸಾಹಿತ್ಯದಲ್ಲಿ ಶಾಲೆಗೆ ತಕ್ಕ ಸತ್ತ್ವವೇ ಇಲ್ಲವೆಂಬ ಅರ್ಥದ ಸಾಕ್ಷ್ಯ ನುಡಿದರು. ಗೇಲಿಕ್ ಲೀಗಿನ ಸ್ಥಾಪಕರಲ್ಲೊಬ್ಬರಾದ ಡಗ್ಲಾಸ್ ಹೈಡ್ ಅದಕ್ಕೆ ಉತ್ತರವಾಗಿ ಜರ್ಮನಿ, ಡೆನ್ಮಾರ್ಕ್, ಫ್ರಾನ್ಸ್ ದೇಶಗಳ ಭಾಷಾಶಾಸ್ತ್ರಜ್ಞರಿಂದ ಅಭಿಪ್ರಾಯ ತರಿಸಿ ಮಂಡಿಸಿದರು. ತನ್ನ ಭಾಷೆ ಕಲಿಕೆಗೆ ಯೋಗ್ಯವೆಂದು ಪರದೇಶದ ಪಂಡಿತರಿಂದ ಪ್ರಮಾಣಪತ್ರ ತರಿಸಬೇಕಾದ ಸ್ಥಿತಿ! 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಹೊರಬಂದ ಮೇಲೆ ನಮ್ಮಲ್ಲಿಯೂ ಕೆಲವರಿಗೆ ಕನ್ನಡದ ಮೇಲೆ ಗೌರವ ಹೆಚ್ಚಿತಂತೆ. ಹೈಡ್ ಮುಂದೆ 1938ರಲ್ಲಿ ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷರಾದರು.

ಆಮೇಲೆ ಚಕ್ರ ತಿರುಗಿತು. 1908ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರವೇಶಕ್ಕೆ 1913ರಿಂದ ಐರಿಷ್ ಕಡ್ಡಾಯವಾಯಿತು. 1922ರಲ್ಲಿ ಸ್ವತಂತ್ರ ರಾಜ್ಯ ಬಂದಿತು. ಹೈಸ್ಕೂಲಿನ ಕೊನೆಯ ಪರೀಕ್ಷೆಯಾದ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಉತ್ತೀರ್ಣರಾಗಲು ಐರಿಷ್ ಭಾಷೆಯಲ್ಲಿ ಉತ್ತೀರ್ಣರಾಗುವುದು 1934ರಿಂದ ಅನಿವಾರ್ಯವಾಯಿತು. ಉಳಿದೆಲ್ಲ ವಿಷಯಗಳಲ್ಲಿ ಚೆನ್ನಾಗಿ ಮಾಡಿ ಐರಿಷಿನಲ್ಲಿ ಬಿದ್ದವರಿಗೆ ಪ್ರಮಾಣಪತ್ರವೇ ಇಲ್ಲ. ಈ ನಿಯಮವನ್ನು 1973ರಲ್ಲಿ ಕೈಬಿಟ್ಟರು. ಆ ನಾಲ್ಕು ದಶಕಗಳಲ್ಲಿ ಓದಿದ ನಮ್ಮ ಬೀದಿಯ ಮುದುಕರೊಬ್ಬರು ಐರಿಷ್ ಎಂದರೆ ಇಂದಿಗೂ ಮುಖ ಗಂಟಿಕ್ಕುತ್ತಾರೆ. ಅವರ ಮೊಮ್ಮಗಳೋ ಗ್ಲಾಸ್ನೆವಿನ್ನಿನ ಐರಿಷ್ ಮಾಧ್ಯಮದ ಶಾಲೆಗೆ ಸಂತೋಷದಿಂದ ಹೋಗುತ್ತಿದ್ದಳು. ಕಡ್ಡಾಯವು ಭಾಷೆಯನ್ನು ಉಳಿಸುತ್ತದೆಯೋ ಕೆಡಿಸುತ್ತದೆಯೋ ಎಂಬ ಪ್ರಶ್ನೆಗೆ ಒಂದೇ ಮನೆಯಲ್ಲಿ ಎರಡು ಉತ್ತರಗಳಿದ್ದುದನ್ನು ನಾನು ಕಂಡೆ.

ಕರ್ನಾಟಕದಿಂದ ಬಂದವರಿಗೆ ಇದೆಲ್ಲ ಅಪರಿಚಿತವಲ್ಲ. 1981ರಲ್ಲಿ ವಿ. ಕೃ. ಗೋಕಾಕರ ಸಮಿತಿ ಸಲ್ಲಿಸಿದ ವರದಿಯ ತಿರುಳು, ಪ್ರೌಢಶಾಲೆಯಲ್ಲಿ ಕನ್ನಡ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕು ಎಂಬುದಾಗಿತ್ತು. ಆ ಅಂಕಗಳಿಗಾಗಿ 1982ರಲ್ಲಿ ನಾಡು ಬೀದಿಗಿಳಿಯಿತು, ಡಾ. ರಾಜಕುಮಾರ್ ಊರೂರು ಸುತ್ತಿದರು. ಹೊರಗಿನವರಿಗೆ ಇದನ್ನು ವಿವರಿಸುವುದು ಕಷ್ಟ: ಲಕ್ಷಾಂತರ ಜನ ಸೇರಿದ್ದು ಅಂಕಪಟ್ಟಿಯ ಒಂದು ಸಾಲಿಗಾಗಿ! ಐರ್ಲೆಂಡಿನವರಿಗೆ ಮಾತ್ರ ವಿವರಿಸಬೇಕಾಗಲಿಲ್ಲ. ನಾನು ಮಾತು ಮುಗಿಸುವ ಮುನ್ನವೇ ಅವರು ತಲೆಯಾಡಿಸುತ್ತಿದ್ದರು. ನ್ಯಾಯಾಲಯಗಳು, ಆದೇಶಗಳು, ತಿದ್ದುಪಡಿಗಳ ಬಳಿಕ ಆ 150 ಏನಾಯಿತೆಂಬುದು ಎಲ್ಲರೂ ಬಲ್ಲ ಕಥೆ. ಪ್ರಥಮ ಭಾಷೆಗೆ ಉಳಿದದ್ದು 125. ಆ ಪ್ರಥಮ ಭಾಷೆ ಕನ್ನಡವೇ ಆಗಬೇಕೆಂಬ ನಿರ್ಬಂಧವೂ ಉಳಿಯಲಿಲ್ಲ.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳಲೇಬೇಕು. 2019ರಲ್ಲಿ ನನ್ನ ತಂಗಿಯ ಮಗ ಎಸ್.ಎಸ್.ಎಲ್.ಸಿ. ಮುಗಿಸಿ ಅಂಕಪಟ್ಟಿಯ ಚಿತ್ರವನ್ನು ಕಳುಹಿಸಿದ. ಒಟ್ಟು ಅಂಕ 625. ಆರು ವಿಷಯಗಳಿಗೆ ತಲಾ 100 ಎಂದರೆ 600. ಪ್ರಥಮ ಭಾಷೆಗೆ ಹೆಚ್ಚುವರಿ 25. ಐರ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಲೆಕ್ಕ ಹಿಡಿಯುವುದೂ ಆರು ವಿಷಯಗಳನ್ನೇ. ಪ್ರತಿಯೊಂದಕ್ಕೆ ಗರಿಷ್ಠ 100. ಆದರೆ 2012ರಿಂದ ಗಣಿತವನ್ನು ಉನ್ನತ ಮಟ್ಟದಲ್ಲಿ ಓದಿ ತೇರ್ಗಡೆಯಾದವರಿಗೆ ಹೆಚ್ಚುವರಿ 25. ಒಟ್ಟು 625! ಎರಡು ದೇಶಗಳ ಹೈಸ್ಕೂಲುಗಳು ಒಂದೇ ಮೊತ್ತಕ್ಕೆ ಬಂದು ನಿಂತಿವೆ. ನಮ್ಮವರು ಆ ಇಪ್ಪತ್ತೈದನ್ನು ಭಾಷೆಯ ಮುಂದಿಟ್ಟರು, ಅವರು ಗಣಿತದ ಮುಂದಿಟ್ಟರು. ಗಣಿತದ ಮೇಷ್ಟರಾದ ನನಗೆ ಸಂತೋಷವಾಗಬೇಕಾಗಿತ್ತು. ಅಂಕಪಟ್ಟಿಯನ್ನು ನೋಡುತ್ತ ಕುಳಿತ ಆ ಸಂಜೆ ಅಷ್ಟೇನೂ ಆಗಲಿಲ್ಲ.

ಗಣಿತಕ್ಕೆ ಐರ್ಲೆಂಡ್ ಹೊಸಬನಲ್ಲ. ಬ್ಯೂಮಾಂಟಿನಿಂದ ಕೆಲವೇ ಮೈಲಿ ದೂರದಲ್ಲಿ, ಕಬ್ರಾ ಎಂಬಲ್ಲಿ, ರಾಯಲ್ ಕಾಲುವೆಯ ಮೇಲೆ ಬ್ರೂಮ್ ಬ್ರಿಡ್ಜ್ ಎಂಬ ಸಣ್ಣ ಕಲ್ಲುಸೇತುವೆ ಇದೆ. 1843ರ ಅಕ್ಟೋಬರ್ 16ರಂದು ಹೆಂಡತಿಯೊಡನೆ ಅಲ್ಲಿ ನಡೆದುಹೋಗುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್ನನಿಗೆ ‘ಕ್ವಾಟರ್ನಿಯನ್’ ಎಂಬ ನಾಲ್ಕು ಅಂಗಗಳ ಸಂಖ್ಯೆಗಳ ಸೂತ್ರ ಹೊಳೆದು, ಅದನ್ನು ಅವನು ಚಾಕುವಿನಿಂದ ಸೇತುವೆಯ ಕಲ್ಲಿನ ಮೇಲೆ ಕೆತ್ತಿದನು. ಮೂರನ್ನು ನಾಲ್ಕರಿಂದ ಗುಣಿಸಿದರೂ ನಾಲ್ಕನ್ನು ಮೂರರಿಂದ ಗುಣಿಸಿದರೂ ಫಲ ಒಂದೇ ಎಂದು ನಾವು ಮಕ್ಕಳಿಗೆ ಕಲಿಸುತ್ತೇವಷ್ಟೆ. ಹ್ಯಾಮಿಲ್ಟನ್ನನ ಸಂಖ್ಯೆಗಳಲ್ಲಿ ಆ ನಿಯಮ ನಿಲ್ಲುವುದಿಲ್ಲ; ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ಆ ದಿನದ ನೆನಪಿಗಾಗಿ 1990ರಿಂದ ಪ್ರತಿವರ್ಷ ಅಕ್ಟೋಬರ್ 16ರಂದು ಡನ್ಸಿಂಕ್ ವೀಕ್ಷಣಾಲಯದಿಂದ ಸೇತುವೆಯವರೆಗೆ ಗಣಿತಪ್ರಿಯರು ನಡೆದುಹೋಗುತ್ತಾರೆ.

ಈ ಹ್ಯಾಮಿಲ್ಟನ್ ಬಾಲ್ಯದಲ್ಲಿ ಗಣಿತಕ್ಕಿಂತ ಮೊದಲು ಭಾಷೆಗಳಿಗೆ ಹೆಸರಾದವನೆಂಬುದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಟ್ರಿಮ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಆ ಹುಡುಗನಿಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಜೊತೆಗೆ ಸಂಸ್ಕೃತ, ಹಿಂದೂಸ್ತಾನಿ, ಬಂಗಾಳಿ, ಮರಾಠಿಗಳ ಪಾಠವೂ ಆಯಿತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ನೌಕರಿ ಸಿಕ್ಕೀತೆಂಬುದು ತಂದೆಯ ಆಸೆಯಾಗಿತ್ತು. ಮರಾಠಿಯವರೆಗೆ ಬಂದವನು ಇನ್ನೊಂದು ಹೆಜ್ಜೆ ತೆಂಕಣಕ್ಕೆ ಇಟ್ಟಿದ್ದರೆ ಎಂದು ನಾನು ಸೇತುವೆಯ ಬಳಿ ನಿಂತಾಗಲೆಲ್ಲ ಅಂದುಕೊಳ್ಳುವುದುಂಟು. ಅಮೆರಿಕದಿಂದ ಬಂದ ಜೆರಾ ಕೋಲ್ಬರ್ನ್ ಎಂಬ ಬಾಲಕ ಬಾಯಿಲೆಕ್ಕದಲ್ಲಿ ಅವನನ್ನು ಸೋಲಿಸಿದ ಮೇಲೆ ಭಾಷೆಯ ಹುಡುಗ ಗಣಿತದತ್ತ ಹೊರಳಿದನೆಂದು ಚರಿತ್ರಕಾರರು ಬರೆಯುತ್ತಾರೆ.

ಆ ಸೇತುವೆಯ ಸ್ಮಾರಕಫಲಕವನ್ನು 1958ರಲ್ಲಿ ಅನಾವರಣ ಮಾಡಿದವರು ಆಗಿನ ಪ್ರಧಾನಿ ಈಮನ್ ಡಿ ವೆಲೆರಾ. 1916ರ ದಂಗೆಯ ನಾಯಕರೆಂದು ನಮ್ಮ ಹಿರಿಯರು ಅರಿತಿದ್ದ ಈ ಡಿ ವೆಲೆರಾ ವೃತ್ತಿಯಿಂದ ಗಣಿತದ ಮೇಷ್ಟರು. ರಾಕ್‌ವೆಲ್ ಕಾಲೇಜಿನಲ್ಲಿಯೂ ಬಳಿಕ ಕ್ಯಾರಿಸ್ಫೋರ್ಟಿನ ಉಪಾಧ್ಯಾಯಿನಿಯರ ತರಬೇತಿ ಸಂಸ್ಥೆಯಲ್ಲಿಯೂ ಪಾಠ ಹೇಳಿದವರು. ಐರಿಷ್ ಕಲಿಯಲೆಂದು ಗೇಲಿಕ್ ಲೀಗಿನ ತರಗತಿಗೆ ಸೇರಿ, ಅಲ್ಲಿ ಪಾಠ ಹೇಳುತ್ತಿದ್ದ ಸಿನೇಡ್ ಫ್ಲಾನಗನ್ ಅವರನ್ನೇ 1910ರಲ್ಲಿ ಮದುವೆಯಾದರು. ಗಣಿತದ ಮೇಷ್ಟರಿಗೂ ಭಾಷೆಯ ಉಪಾಧ್ಯಾಯಿನಿಗೂ ನಡೆದ ಈ ಲಗ್ನದ ಫಲವೋ ಎಂಬಂತೆ, ಪ್ರಧಾನಿಯಾಗಿ ಅವರು 1940ರಲ್ಲಿ ಸ್ಥಾಪಿಸಿದ ಡಬ್ಲಿನ್ ಉನ್ನತ ಅಧ್ಯಯನ ಸಂಸ್ಥೆ ಮೊದಲಿಗೆ ಎರಡೇ ವಿಭಾಗಗಳಿಂದ ಆರಂಭವಾಯಿತು: ಒಂದು ಸೈದ್ಧಾಂತಿಕ ಭೌತಶಾಸ್ತ್ರಕ್ಕೆ, ಇನ್ನೊಂದು ಕೆಲ್ಟಿಕ್ ಭಾಷೆಗಳಿಗೆ.

ಶಾಲೆಯ ಮಟ್ಟದಲ್ಲಿ ಮಾತ್ರ ಗಣಿತದ ಕಥೆ ಅಷ್ಟು ಸೊಗಸಾಗಿರಲಿಲ್ಲ. 1960ರ ದಶಕದವರೆಗೂ ಕಿರಿಯ ಪರೀಕ್ಷೆಯಲ್ಲಿ ‘ಹುಡುಗಿಯರಿಗೆ ಮಾತ್ರ’ ಎಂಬ ಹಗುರವಾದ ಗಣಿತದ ಪಠ್ಯವೊಂದಿತ್ತು. 1967ರಲ್ಲಿ ಪ್ರೌಢಶಿಕ್ಷಣ ಉಚಿತವಾಗಿ ಬಡವರ ಮಕ್ಕಳೂ ಬಂದರು. ಆದರೂ ಉನ್ನತ ಮಟ್ಟದ ಗಣಿತ ಕೆಲವರ ಸೊತ್ತಾಗಿಯೇ ಉಳಿಯಿತು. 2011ರಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ಅದನ್ನು ಆರಿಸಿಕೊಂಡವರು ಶೇಕಡಾ 16ರಷ್ಟು. ಹೆಚ್ಚುವರಿ 25ರ ಆಮಿಷ ಬಂದ 2012ರಲ್ಲಿ ಅದು ಶೇಕಡಾ 22ಕ್ಕೆ ಏರಿತು. ನನ್ನ ಮಗಳು ಲೀವಿಂಗ್ ಸರ್ಟಿಫಿಕೇಟಿಗೆ ಕುಳಿತದ್ದು ಅದೇ ವರ್ಷ.

ಅವಳ ಗಣಿತದ ವಿಷಯ ಒಂದೆರಡು ಮಾತು. ಮೊದಲ ವರ್ಷ ಇಂಗ್ಲಿಷಿನಲ್ಲಿ ಅವಳು ತಡವರಿಸುತ್ತಿದ್ದುದನ್ನು ಕಂಡು ಸಾಮಾನ್ಯ ಮಟ್ಟದ ಗಣಿತವೇ ಸಾಕೆಂದು ಒಬ್ಬರು ಸಲಹೆ ಇತ್ತಿದ್ದರು. ತಡವರಿಕೆ ಇಂಗ್ಲಿಷಿನದು, ಗಣಿತದ್ದಲ್ಲ ಎಂದು ತಿಳಿಸಿಹೇಳಲು ನನಗೆ ಎರಡು ಭೇಟಿ ಬೇಕಾದವು. ಲಸಾಅ, ಮಸಾಅ ಎಂದು ಕಲಿತಿದ್ದ ಹುಡುಗಿಗೆ ಹೊಸ ಹೆಸರುಗಳನ್ನು ಒಗ್ಗಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಹೆಸರುಗಳು ಬದಲಾದವು; ಮಗ್ಗಿ ಬದಲಾಗಲಿಲ್ಲ. ಪರೀಕ್ಷೆಗೆ ಎರಡು ದಿನ ಮುಂಚೆ ಅವಳು ಅಡುಗೆಮನೆಯ ಮೇಜಿನ ಮುಂದೆ ಕಲನಶಾಸ್ತ್ರದ ಲೆಕ್ಕವೊಂದನ್ನು ಬಿಡಿಸುತ್ತಿದ್ದಳು. ಇಂಗ್ಲಿಷಿನಲ್ಲಿ ಸಮಸ್ಯೆ, ಇಂಗ್ಲಿಷಿನಲ್ಲಿ ಹೆಜ್ಜೆಗಳು. ಗುಣಾಕಾರ ಬಂದ ಕೂಡಲೇ ತುಟಿಯಲ್ಲಿ ಮಾತ್ರ ‘ಏಳೆಂಟ್ಲ ಐವತ್ತಾರು’. ಆರು ವರ್ಷ ಬ್ಯೂಮಾಂಟಿನಲ್ಲಿ ಓದಿದ ಮೇಲೂ ಅವಳ ಕೈ ಎಣಿಸುತ್ತಿದ್ದುದು ಕನ್ನಡದಲ್ಲಿ. ಉನ್ನತ ಗಣಿತದಲ್ಲಿ ತೇರ್ಗಡೆಯಾಗಿ ಆ ಇಪ್ಪತ್ತೈದನ್ನು ಅವಳು ಪಡೆದಳು. ಅದರಲ್ಲಿ ಕನ್ನಡದ ಪಾಲೆಷ್ಟು ಎಂದು ಯಾವ ಕಲಮಿನಲ್ಲಿಯೂ ಕೇಳಿರಲಿಲ್ಲ.

ಐರ್ಲೆಂಡಿನವರು ತಮ್ಮ ಭಾಷೆಯ ಮಟ್ಟಿಗೆ ಇದನ್ನು ಕೇಳುತ್ತಾರೆಂಬುದೇ ಸೋಜಿಗ. ಐರಿಷ್ ಮಾಧ್ಯಮದ ಶಾಲೆಗಳಲ್ಲಿ ಗಣಿತ, ಇತಿಹಾಸ, ಭೂಗೋಳಗಳನ್ನೆಲ್ಲ ಐರಿಷಿನಲ್ಲಿ ಕಲಿಸುತ್ತಾರೆ. ಆ ಭಾಷೆಯಲ್ಲಿ ಉತ್ತರ ಬರೆದವರಿಗೆ ಹೆಚ್ಚುವರಿ ಅಂಕ ಕೊಡುವುದು ಬಹಳ ಕಾಲದಿಂದ ನಡೆದುಬಂದ ಪದ್ಧತಿ. ಗಣಿತದ ಉತ್ತರಕ್ಕೆ ಭಾಷೆಯ ಅಂಕ! ನಮ್ಮಲ್ಲಿಯೂ ಅಂಥ ಶ್ರದ್ಧೆಯ ಚರಿತ್ರೆಯಿಲ್ಲದೆ ಇಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ಸಂಸ್ಕೃತದಲ್ಲಿ. ಅವನ ಬಳಿಕ ಸುಮಾರು ಮೂರು ಶತಮಾನಕ್ಕೆ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಎರಡೇ ವರ್ಷ ನಡೆದರೂ ಅದು ಹಾಕಿದ ಹಾದಿ ಮುಚ್ಚಿಹೋಗಲಿಲ್ಲ. ನಾನು ಕರಿಹಲಗೆಯ ಮೇಲೆ ‘ವಿಕರ್ಣದ ವರ್ಗ’ ಎಂದು ಬರೆಯುತ್ತಿದ್ದಾಗ ಆ ಪದಗಳನ್ನು ಯಾರೋ ಕಷ್ಟಪಟ್ಟು ಒರೆಹಚ್ಚಿ ಕೊಟ್ಟಿದ್ದಾರೆಂಬ ಅರಿವು ನನಗಿರಲಿಲ್ಲ. ಬ್ಯೂಮಾಂಟಿಗೆ ಹೋದ ಮೇಲೆ ಬಂತು.

ಐರ್ಲೆಂಡಿಗೂ ಕನ್ನಡಕ್ಕೂ ಇರುವ ನಂಟಿನಲ್ಲಿ ಎಲ್ಲಕ್ಕಿಂತ ದೊಡ್ಡದು ಒಬ್ಬ ಹೈಸ್ಕೂಲು ಮೇಷ್ಟರಿಂದ ಬಂದದ್ದು. 1873ರಲ್ಲಿ ಬೆಲ್ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಕವಿಯಾಗಿ ಹೆಸರು ಮಾಡುತ್ತಲೇ ಹೊಟ್ಟೆಪಾಡಿಗೆ ಡಬ್ಲಿನ್ನಿನ ಹಾರ್ಕೋರ್ಟ್ ಬೀದಿಯ ‘ಹೈಸ್ಕೂಲ್’ ಎಂಬ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಅವರಿಗಿಂತ ಎರಡು ದಶಕ ಮುಂಚೆ ಕವಿ ಯೇಟ್ಸ್ ಓದಿದ್ದು ಅಲ್ಲಿಯೇ. ಕಸಿನ್ಸ್ 1915ರಲ್ಲಿ ಆನಿ ಬೆಸೆಂಟರ ಕರೆಯ ಮೇಲೆ ಭಾರತಕ್ಕೆ ಬಂದು, ಮದನಪಲ್ಲಿಯಲ್ಲಿ ನೆಲೆಸಿ, 1956ರಲ್ಲಿ ಅಲ್ಲಿಯೇ ತೀರಿಕೊಂಡರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಒಬ್ಬ ತರುಣ ತನ್ನ ಹಸ್ತಪ್ರತಿಯೊಡನೆ ಅವರನ್ನು ಕಂಡ. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಕಿರುಪುಸ್ತಕ ಅವನಿಂದ ಆಗಲೇ ಹೊರಬಂದಿತ್ತು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದವನಿಗೆ ಸಿಕ್ಕಿದ್ದು, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀ ಎಂಬ ಪ್ರಶ್ನೆ ಮತ್ತು ಕನ್ನಡದಲ್ಲಿ ಬರೆಯಬೇಕೆಂಬ ಸಲಹೆ. ಮೊದಲು ನಿರಾಶೆಯಾದರೂ ತರುಣ ಆ ಮಾತನ್ನು ನಡೆಸಿದ. ಅವರೇ ಕುವೆಂಪು.

ಈ ಪ್ರಸಂಗವನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಕಸಿನ್ಸ್ ಅವರನ್ನು ಮಾತ್ರ ‘ಒಬ್ಬ ಆಂಗ್ಲ ಕವಿ’ ಎಂದು ಎಷ್ಟೋ ಮಂದಿ ಹೇಳುವುದನ್ನು ಕೇಳಿದ್ದೇನೆ. ಹಾಗೆಂದರೆ ಪ್ರಸಂಗದ ಅರ್ಧ ರುಚಿ ಹೋಗುತ್ತದೆ. ಸಲಹೆ ಕೊಟ್ಟಾತ ಇಂಗ್ಲೆಂಡಿನವನಲ್ಲ, ಐರ್ಲೆಂಡಿನವನು. ತನ್ನ ನೆಲದ ಹಳೆಯ ಭಾಷೆ ಬಹುಪಾಲು ಜನರ ನಾಲಗೆಯಿಂದ ಜಾರಿಹೋದುದನ್ನು ಕಂಡವನು. ಐರಿಷ್ ಪುರಾಣಗಳನ್ನು ಕುರಿತು ಬರೆದದ್ದೂ ಇಂಗ್ಲಿಷಿನಲ್ಲಿಯೇ. ಹಾರ್ಕೋರ್ಟ್ ಬೀದಿಯ ಹುಡುಗರಿಗೆ ಅಂಥ ಸಲಹೆ ಕೊಡುವ ಹಾದಿ ಅವರಿಗಿರಲಿಲ್ಲ. ಮೈಸೂರಿನ ಹುಡುಗನಿಗೆ ಇನ್ನೂ ಹೊತ್ತು ಮೀರಿಲ್ಲವೆಂದು ಅವರಿಗೆ ತೋರಿರಬೇಕು. ಆ ಶಾಲೆ 1971ರಲ್ಲಿ ಹಾರ್ಕೋರ್ಟ್ ಬೀದಿಯಿಂದ ರಾತ್ಗಾರಿಗೆ ಸ್ಥಳಾಂತರವಾಯಿತು. ಹಳೆಯ ಜಾಗವನ್ನು ನೋಡಲು ಒಮ್ಮೆ ಹೋಗಿದ್ದೆ. ಟ್ರಾಮು ಓಡುವ ಬೀದಿಯಲ್ಲಿ ಕುವೆಂಪು ಹೆಸರನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಹಿಂದಿರುಗಿದೆ.

ಇನ್ನು ನನ್ನ ಮಗನ ವಿಷಯ. ಇದನ್ನು ಬರೆಯಲು ಸ್ವಲ್ಪ ಸಂಕೋಚವಿದೆ. 2008ರಲ್ಲಿ ಅವನು ಪ್ರಾಥಮಿಕ ಶಾಲೆ ಸೇರಿದಾಗ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿದರೆ ಮಗುವಿಗೆ ಒಳ್ಳೆಯದೆಂದು ಅಲ್ಲಿ ಯಾರೋ ಹಿತನುಡಿದರು. ಅಕ್ಕನ ತಡವರಿಕೆ ಕಣ್ಣೆದುರಿಗಿತ್ತು. ನಾನು ಒಪ್ಪಿಕೊಂಡೆ. ಹದಿನಾರು ವರ್ಷ ಕನ್ನಡದಲ್ಲಿ ಗಣಿತ ಹೇಳಿದ ಮೇಷ್ಟರು ತನ್ನ ಮಗನಿಗೆ ಮಗ್ಗಿಯನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟ. ಕೊರಳಿಗೆ ಕೋಲು ಕಟ್ಟಲಿಲ್ಲ, ಗೀರು ಹಾಕಲಿಲ್ಲ, ಅಷ್ಟೇ ವ್ಯತ್ಯಾಸ. ಐದನೆಯ ವರ್ಷದಿಂದಲೇ ಶಾಲೆಯಲ್ಲಿದ್ದ ಕಾರಣ ಅವನಿಗೆ ಐರಿಷಿನಿಂದ ವಿನಾಯಿತಿ ಇರಲಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕನಿಗೆ ಕನ್ನಡ ಬರುತ್ತದೆ, ಐರಿಷ್ ಬಾರದು. ತಮ್ಮನಿಗೆ ಐರಿಷ್ ಬರುತ್ತದೆ, ಕನ್ನಡ ಕಿವಿಗೆ ಮಾತ್ರ.

2022ರಲ್ಲಿ ಅವನು ಲೀವಿಂಗ್ ಸರ್ಟಿಫಿಕೇಟಿಗೆ ಕುಳಿತ. ಸರ್ಕಾರ 2017ರಲ್ಲಿ ವಿದೇಶೀ ಭಾಷೆಗಳಿಗಾಗಿ ಪ್ರಕಟಿಸಿದ ಕಾರ್ಯನೀತಿಯ ಫಲವಾಗಿ ಪೋಲಿಷ್, ಲಿಥುವೇನಿಯನ್, ಪೋರ್ಚುಗೀಸ್, ಚೀನೀ ಭಾಷೆಗಳಿಗೆ ಹೊಸ ಪಠ್ಯಗಳು ರೂಪುಗೊಂಡು, ಅವುಗಳ ಮೊದಲ ಪರೀಕ್ಷೆ ನಡೆದದ್ದು ಅದೇ ವರ್ಷ. ಅರಬ್ಬಿ, ಜಪಾನಿ, ರಷ್ಯನ್ ಮುಂಚೆಯೇ ಇದ್ದವು. ಮಗನ ಗೆಳೆಯನೊಬ್ಬ ಮನೆಯಲ್ಲಿ ಅಜ್ಜಿಯೊಡನೆ ಆಡುತ್ತಿದ್ದ ಪೋಲಿಷ್ ಭಾಷೆಯಲ್ಲಿಯೇ ಪರೀಕ್ಷೆ ಬರೆದು ಅಂಕ ಗಳಿಸಿದ. ನನ್ನ ಮಗ ಫ್ರೆಂಚ್ ಬರೆದ. ತೊಂಬತ್ತೇಳು ಎನ್ನಲು ‘ನಾಲ್ಕು ಇಪ್ಪತ್ತು ಹತ್ತು ಏಳು’ ಎನ್ನುವ ಭಾಷೆಯಲ್ಲಿ ಗಣಿತ ಹೇಗೆ ಕಲಿಯುತ್ತಾರಪ್ಪಾ ಎಂದು ಅವನು ನಗುತ್ತಿದ್ದ. ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ, ಹಿಂದಿಗೂ ಇಲ್ಲ. ನಮ್ಮ ಸಂಖ್ಯೆ ಕಡಿಮೆ ಎಂಬುದು ನಿಜ. ಆದರೆ ನನ್ನ ಮನೆಯ ಮಟ್ಟಿಗೆ ಹೇಳುವುದಾದರೆ, ಪಟ್ಟಿಯಲ್ಲಿ ಕನ್ನಡವಿದ್ದಿದ್ದರೂ ನನ್ನ ಮಗ ಆ ಪರೀಕ್ಷೆಗೆ ಕೂರಲು ಆಗುತ್ತಿರಲಿಲ್ಲ. ಆ ಕೊರತೆಗೆ ಐರ್ಲೆಂಡ್ ಸರ್ಕಾರ ಹೊಣೆಯಲ್ಲ.

ಕಳೆದ ವರ್ಷ ದೀಪಾವಳಿಗೆ ನಮ್ಮ ಮನೆಗೆ ಸುತ್ತಮುತ್ತಲಿನ ಕನ್ನಡದವರು ಬಂದಿದ್ದರು. ಊಟಕ್ಕೆ ಇನ್ನೂ ಎಷ್ಟು ಜನ ಉಳಿದಿದ್ದಾರೆಂದು ಒಳಗಿನಿಂದ ಕೇಳಿದೆ. ‘ಮೂರು’ ಎಂದ ಮಗ. ಒಂದು ಕ್ಷಣ ತಡೆದು ‘ಮೂವರು’ ಎಂದು ತಿದ್ದಿಕೊಂಡ. ಯಾರು ಹೇಳಿಕೊಟ್ಟರೆಂದು ಕೇಳಿದರೆ, ಐರಿಷ್ ಪಾಠದ ನೆನಪು ಎಂದ. ಆ ಭಾಷೆಯಲ್ಲಿ ವಸ್ತುಗಳನ್ನು ಎಣಿಸುವ ಮಾತು ಬೇರೆ, ಮನುಷ್ಯರನ್ನು ಎಣಿಸುವ ಮಾತು ಬೇರೆಯಂತೆ: ವಸ್ತುವಾದರೆ ‘ಟ್ರೀ’, ಜನರಾದರೆ ‘ಟ್ರೂರ್’, ಇಬ್ಬರಿಗೆ ‘ಬೆರ್ಟ್’. ಇಂಗ್ಲಿಷಿಗೂ ಫ್ರೆಂಚಿಗೂ ಇಲ್ಲದ ಈ ಭೇದ ನಮ್ಮಲ್ಲಿ ಉಂಟೆಂಬುದನ್ನು ಅವನು ಅಮ್ಮನ ಮಾತಿನಲ್ಲಿ ಕೇಳಿ ತಾನಾಗಿಯೇ ಹೊಂದಿಸಿಕೊಂಡಿದ್ದ. ಹತ್ತು ಜನರವರೆಗೆ ಐರಿಷಿನಲ್ಲಿ ಇಂಥ ಪದಗಳಿವೆ, ಹನ್ನೆರಡಕ್ಕೂ ಒಂದಿದೆ, ಅಲ್ಲಿಗೆ ಮುಗಿಯಿತು ಎಂದು ಹೇಳಿ, ಕನ್ನಡದಲ್ಲಿ ಎಲ್ಲಿಯವರೆಗೆ ಎಂದು ಕೇಳಿದ. ನಾಲ್ವರು, ಐವರು ಎಂದೆ. ಆರಕ್ಕೆ ಬಂದಾಗ ನಾಲಗೆ ತಡವರಿಸಿತು. ನಾವು ಬಳಸುವುದು ‘ಆರು ಮಂದಿ’ ಎಂದಷ್ಟೆ. ಆ ರಾತ್ರಿ ಮೈಸೂರಿನಲ್ಲಿ ಹಳಗನ್ನಡ ಬಲ್ಲ ಗೆಳೆಯರೊಬ್ಬರಿಗೆ ಬರೆದೆ. ಎಂಟು ಜನಕ್ಕೆ ಎಣ್ಬರ್, ನೂರು ಜನಕ್ಕೆ ನೂರ್ವರ್ ಎಂದು ಅವರು ಉತ್ತರಿಸಿದರು. ಐಹೊಳೆಯ ವರ್ತಕಸಂಘದವರನ್ನು ಶಾಸನಗಳು ಐನೂರ್ವರು ಎನ್ನುವುದನ್ನೂ, ಅಗ್ರಹಾರದ ಮಹಾಜನರನ್ನು ಸಾಸಿರ್ವರ್ ಎನ್ನುವುದನ್ನೂ ನೆನಪಿಸಿದರು.

ಕಾಗದವನ್ನು ಮಗನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಸಾವಿರ ಜನಕ್ಕೂ ಒಂದೇ ಪದವೇ?’ ಎಂದು ಕೇಳಿದ. ಕೇಳಿದ್ದು ಕನ್ನಡದಲ್ಲಿ.